ಉಜ್ಜಿದ್ದು ಸಾಕು

ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಇಮಿಗ್ರೇಷನ್ ಅಧಿಕಾರಿ ಪಾಸ್‌ಪೋರ್ಟಿನಿಂದ ತಲೆ ಎತ್ತದೆಯೇ ಕೇಳಿದ: ಊರಲ್ಲಿ ಏನು ಕೆಲಸ?

ಬೆಂಗಳೂರಿನ ನಾಗರಬಾವಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ಈ ಕಾರ್ ಡಿಟೇಲರ್‌ಗೆ ಅದು ಹೊಸ ಪ್ರಶ್ನೆಯಲ್ಲ. ಹೆಣ್ಣು ನೋಡಲು ಹೋದಾಗ ಮಾವನಾಗಲಿದ್ದವರು "ರೀಟೇಲಿಂಗಾ? ಏನು ಮಾರ್ತೀರಪ್ಪಾ?" ಅಂದಿದ್ದರು. ಸಾಲದ ಅರ್ಜಿಯಲ್ಲಿ ಬ್ಯಾಂಕಿನವರು "ವಾಟರ್ ವಾಶ್" ಎಂದು ತುಂಬಿಕೊಂಡಿದ್ದರು. ಹೆತ್ತ ತಾಯಿಯೇ ಇವತ್ತಿಗೂ ನೆಂಟರ ಮುಂದೆ "ಗ್ಯಾರೇಜ್ ಇಟ್ಟಿದ್ದಾನೆ" ಎಂದು ಮಾತು ಮುಗಿಸಿಬಿಡುತ್ತಾರೆ. ಮಗ ಕಾರು ತೊಳೆಯುತ್ತಾನೆ ಎನ್ನಲು ಅವರಿಗೆ ನಾಲಿಗೆ ಹೊರಳುವುದಿಲ್ಲ.

"ಕಾರ್ ಡಿಟೇಲಿಂಗ್" ಎಂದ ಆತ, ವಿವರಣೆಗೆ ಸಿದ್ಧನಾಗುತ್ತ. ಅಧಿಕಾರಿ ಈಗ ತಲೆ ಎತ್ತಿದ. ವಿವರಣೆ ಬೇಕಾಗಲಿಲ್ಲ. ಅವನ ಮಗ ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಹಾಲು ಚೆಲ್ಲಿ ಎರಡು ವಾರವಾಗಿತ್ತಂತೆ, ಏನು ಮಾಡಿದರೂ ನಾತ ಹೋಗುತ್ತಿಲ್ಲವಂತೆ. ಸೆಂಟು ಹೊಡೆಯಬೇಡಿ, ಎನ್‌ಜೈಮ್ ಇರುವ ಕ್ಲೀನರ್ ಹಾಕಿ, ಒಂದಷ್ಟು ಗಂಟೆ ಒದ್ದೆಯಾಗಿಯೇ ಬಿಡಿ, ಹಾಲು ಫೋಮಿನೊಳಗೆ ಎಷ್ಟು ಆಳಕ್ಕೆ ಇಳಿದಿದೆಯೋ ಅದೂ ಅಷ್ಟು ಆಳಕ್ಕೆ ಇಳಿಯಬೇಕು ಎಂದು ಈತ ಹೇಳಿದ. ಠಪ್ ಎಂದು ಮೊಹರು ಬಿತ್ತು. ಹಿಂದೆ ಸಾಲಿನಲ್ಲಿದ್ದವರಿಗೆ ಇಷ್ಟು ಹೊತ್ತು ಏನು ವಿಚಾರಣೆ ನಡೆಯಿತೋ ಎಂಬ ದಿಗಿಲು.

ಇದು 2024ರ ಆಗಸ್ಟಿನ ಮಾತು. ಫೋಟೋಗಳು ಫ್ಯಾಮಿಲಿ ಗ್ರೂಪಿಗೆ ಹೋದವು, ತಂದಿದ್ದ ಚಾಕೊಲೇಟು ಅಂಗಡಿಯ ಹುಡುಗರ ಪಾಲಾಯಿತು, ಜೆಟ್‌ಲ್ಯಾಗೂ ಇಳಿಯಿತು. ಒಂದು ಕಪ್ಪು ಕಾರು ಮಾತ್ರ ತಲೆಯೊಳಗೆ ಬಂದು ನಿಂತದ್ದು ಹೊರಗೆ ಹೋಗುತ್ತಿಲ್ಲ.

ಇಳಿದುಕೊಂಡದ್ದು ಫ್ರಿಮಾಂಟಿನಲ್ಲಿ, ಹೆಂಡತಿಯ ತಮ್ಮನ ಮನೆಯಲ್ಲಿ. ಆ ಸೀಮೆಯಲ್ಲಿ ಕನ್ನಡದವರಿಗೆ ಬರವಿಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಲ್ಲೇ ಹುಟ್ಟಿದ್ದು. ಬೆಳಿಗ್ಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಕಿಟಕಿಯಾಚೆ ಭಾವಮೈದುನನ ಬಿಳಿ ಟೆಸ್ಲಾ. ಅದರ ಬಾಗಿಲ ತುಂಬ ಸುಣ್ಣದ ಚುಕ್ಕೆ. ಲಾನಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರು ದಿನಾ ಮುಂಜಾನೆ ಕಾರಿಗೂ ಒಂದಿಷ್ಟು ಚಿಮುಕಿಸುತ್ತದೆ. ಬಿಸಿಲಿಗೆ ನೀರು ಆರಿ ಖನಿಜ ಅಲ್ಲೇ ಕೂರುತ್ತದೆ. ನಾಗರಬಾವಿಯ ಬೋರ್‌ವೆಲ್ ನೀರು ಮಾಡುವುದೂ ಇದನ್ನೇ. ಖಂಡ ಬೇರೆ, ಕಲೆ ಒಂದೇ.

ರೊಟ್ಟಿ ಮುಗಿಯುವುದರೊಳಗೆ ಈತ ಅಡುಗೆಮನೆಯಿಂದ ವಿನೆಗರ್ ಕೇಳಿದ್ದ.

"ಭಾವ, ರಜಾಕ್ಕೆ ಬಂದಿದ್ದೀರಿ. ದಯವಿಟ್ಟು ಕೈ ಜೇಬಲ್ಲಿಟ್ಕೊಳಿ."

ಈ ಕಸುಬಿನವರಿಗೆ ಅದೇ ಆಗದ ಕೆಲಸ. ಮದುವೆಗೆ ಹೋದರೆ ಮಂಟಪಕ್ಕಿಂತ ಮೊದಲು ಪಾರ್ಕಿಂಗ್ ನೋಡುತ್ತಾರೆ. ಸಿಗ್ನಲ್ಲಿನಲ್ಲಿ ಪಕ್ಕದ ಕಪ್ಪು ಕಾರಿನ ಮೇಲೆ ಬಿಸಿಲು ಬಿದ್ದಾಗ ಜೇಡರಬಲೆಯಂಥ ಸುತ್ತುಗೀರುಗಳು ಕಂಡರೆ, ಇದನ್ನು ಯಾರು ಹೇಗೆ ಒರೆಸಿದ್ದಾರೆ ಎಂದು ಅಲ್ಲೇ ಕೂತು ಹೇಳಬಲ್ಲರು. ಬೆಂಗಳೂರಿನಲ್ಲಿ ಬಹುಪಾಲು ಉತ್ತರ ಒಂದೇ: ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಸುಕಿಗೆ ಒಂದು ಬಕೆಟ್ಟು, ಒಂದು ಬಟ್ಟೆ, ಇಪ್ಪತ್ತು ಕಾರು. ಮೊದಲ ಕಾರಿನ ಮಣ್ಣು ಇಪ್ಪತ್ತನೆಯದಕ್ಕೆ ಮರಳುಕಾಗದವಾಗಿರುತ್ತದೆ. ಒರೆಸುವವನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಸಿಗುವ ಸಂಬಳಕ್ಕೆ ಎರಡನೆಯ ಬಕೆಟ್ಟು ಹುಟ್ಟುವುದಿಲ್ಲ. ನಿಜ ಹೇಳಬೇಕೆಂದರೆ ಡಿಟೇಲರ್‌ಗಳಿಗೆಲ್ಲ ಆ ಬಕೆಟ್ಟೇ ಅನ್ನದಾತ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಮಾಂಟೆರೆಯ ಕಾರು ಮೇಳಗಳನ್ನು ನೋಡಲು ದಕ್ಷಿಣಕ್ಕೆ ಹೊರಟರು. ಆಗಸ್ಟ್ ಎಂದರೆ ನಮಗೆ ಹಸಿರು. ಕ್ಯಾಲಿಫೋರ್ನಿಯಾದ ಮಳೆ ಚಳಿಗಾಲದ್ದು. ಆಗಸ್ಟಿನಲ್ಲಿ ಅಲ್ಲಿನ ಗುಡ್ಡಗಳ ಹುಲ್ಲೆಲ್ಲ ಒಣಗಿ ಗೋಧಿ ಬಣ್ಣಕ್ಕೆ ತಿರುಗಿರುತ್ತದೆ, ನಡುನಡುವೆ ಒಂಟಿ ಓಕ್ ಮರಗಳ ಕಪ್ಪು ಮಚ್ಚೆ. ಹಿರಿಯೂರು ದಾಟಿ ಚಿತ್ರದುರ್ಗದ ಕಡೆಗೆ ಬೇಸಿಗೆಯಲ್ಲಿ ಹೋದ ಹಾಗೆ ಅನಿಸುತ್ತಿರುವಾಗಲೇ ಗಾಜು ಏರಿಸಿದ್ದ ಕಾರಿನೊಳಕ್ಕೂ ಬೆಳ್ಳುಳ್ಳಿ ವಾಸನೆ ನುಗ್ಗಿತು. ಗಿಲ್‌ರಾಯ್ ಬಂತು ಎಂದ ಭಾವಮೈದುನ. ಊರಿಗೆ ಊರೇ ಒಗ್ಗರಣೆ ಹಾಕಿದಂತಿತ್ತು.

ಆಮೇಲೆ ಕ್ಯಾಸ್ಟ್ರೊವಿಲ್. ತನ್ನನ್ನು ತಾನೇ ಜಗತ್ತಿನ ಆರ್ಟಿಚೋಕ್ ಕೇಂದ್ರ ಎಂದು ಕರೆದುಕೊಳ್ಳುವ ಸಣ್ಣ ಊರು. 1948ರಲ್ಲಿ ಇಲ್ಲಿ ಆರ್ಟಿಚೋಕ್ ರಾಣಿಯ ಪಟ್ಟ ಕಟ್ಟಿಸಿಕೊಂಡ ಹುಡುಗಿ ಆಮೇಲೆ ಜಗತ್ತಿಗೆಲ್ಲ ಗೊತ್ತಾದ ಮರ್ಲಿನ್ ಮನ್ರೋ. ಎರಡೂ ಬದಿಗೆ ಹೊಲ, ಸಮುದ್ರದ ಕಡೆಯಿಂದ ತಣ್ಣನೆ ಗಾಳಿ, ಟೊಪ್ಪಿಯ ಕೆಳಗೆ ಕತ್ತಿಗೆಲ್ಲ ಬಟ್ಟೆ ಸುತ್ತಿಕೊಂಡು ಬಾಗಿ ದುಡಿಯುತ್ತಿರುವ ಮೆಕ್ಸಿಕನ್ ಕೂಲಿಯವರು. ರಸ್ತೆ ಬದಿಯಲ್ಲಿ ಕರಿದ ಆರ್ಟಿಚೋಕ್ ತಿಂದರು. ಬಾಳೆಕಾಯಿ ಬಜ್ಜಿಗೆ ದೂರದ ನೆಂಟ. ಬೇಯಿಸಿದ್ದನ್ನು ತಿನ್ನುವ ಕ್ರಮ ಬೇರೆ: ಒಂದೊಂದೇ ಪಕಳೆ ಎಳೆದು, ಬುಡದಲ್ಲಿರುವ ಚೂರೇ ಚೂರು ತಿರುಳನ್ನು ಹಲ್ಲಿನಲ್ಲಿ ಕೆರೆದುಕೊಂಡು, ಕೊನೆಗೆ ನಡುವಿನ ನವಿರನ್ನು ಬಿಡಿಸಿದರೆ ಅಂಗೈಯಗಲದ ಮೆತ್ತನೆಯ ತಳ. ಬಾಳೆಹೂವನ್ನು ಬಿಡಿಸಿ ಪಲ್ಯ ಮಾಡಿದವರಿಗೆ ಆ ತಾಳ್ಮೆ ಗೊತ್ತು. ಸಿಪ್ಪೆಯ ರಾಶಿ ತಿಂದದ್ದಕ್ಕಿಂತ ಎತ್ತರವಾಗಿರುತ್ತದೆ.

ಮಾಂಟೆರೆಯಲ್ಲಿ ಕಾರು ನಿಲ್ಲಿಸಿದಾಗ ಈತನ ಕಣ್ಣಿಗೆ ಮೊದಲು ಬಿದ್ದದ್ದು ಫೆರಾರಿಯಲ್ಲ, ಚರಂಡಿ. ಚರಂಡಿಯ ಬಾಯಿಯ ಪಕ್ಕದಲ್ಲಿ, ಇಲ್ಲಿ ಏನೂ ಸುರಿಯಬೇಡಿ, ಇದು ನೇರ ಕಡಲಿಗೆ ಹೋಗುತ್ತದೆ ಎಂಬ ಎಚ್ಚರಿಕೆ. ಮಾಂಟೆರೆ ಕೊಲ್ಲಿ 1992ರಿಂದ ರಾಷ್ಟ್ರೀಯ ಕಡಲಧಾಮ. ದಡದಿಂದ ನೋಡಿದರೆ ಕಡಲಪಾಚಿಯ ನಡುವೆ ನೀರುನಾಯಿಗಳು ಅಂಗಾತ ಮಲಗಿ ಚಿಪ್ಪು ಒಡೆಯುತ್ತಿರುತ್ತವೆ. ಕಾರು ತೊಳೆದ ಸೋಪುನೀರು ಬೀದಿಗೆ ಹರಿದರೆ ದಂಡ. ಹಾಗಾಗಿ ಇಲ್ಲಿಗೆ ಬರುವ ಡಿಟೇಲರ್‌ಗಳು ಕಾರಿನಡಿ ನೀರು ಹಿಡಿಯುವ ಚಾಪೆ ಹಾಸುತ್ತಾರೆ, ಇಲ್ಲವೇ ಒಂದೇ ಬಕೆಟ್ಟಿನಲ್ಲಿ ಮುಗಿಯುವ ರಿನ್ಸ್‌ಲೆಸ್ ವಾಶ್ ಮಾಡುತ್ತಾರೆ. ನೀರಿಗೆ ಬೆರೆಸಿದ ದ್ರವ ಮಣ್ಣಿನ ಕಣವನ್ನು ಸುತ್ತಿಕೊಂಡು ಜಾರಿಸುತ್ತದೆ, ಮತ್ತೆ ಜಾಲಿಸುವ ಅಗತ್ಯವಿರುವುದಿಲ್ಲ.

ಆ ಬಕೆಟ್ಟು ನೋಡಿ ಈತನಿಗೆ ನಗು ಬಂತು. ಐದೇ ತಿಂಗಳ ಹಿಂದೆ, ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಜನ ಸಾಲುಗಟ್ಟಿದ್ದ ಮಾರ್ಚಿನಲ್ಲಿ, ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಅಲ್ಲಿಯವರೆಗೆ ಪ್ರೆಶರ್ ಪಂಪು ಹಿಡಿದು ಒಂದು ಕಾರಿಗೆ ನೂರಾರು ಲೀಟರ್ ಸುರಿಯುತ್ತಿದ್ದ ಅಂಗಡಿಗಳು ರಾತ್ರೋರಾತ್ರಿ ಬಕೆಟ್ಟಿಗೆ ಬಂದವು. ಗಿರಾಕಿಗಳು ನಂಬಲಿಲ್ಲ. ನೊರೆ ಸುರಿಯದಿದ್ದರೆ ತೊಳೆದಂತೆ ಹೇಗಾಯಿತು? ಮಾಂಟೆರೆಯ ಬಕೆಟ್ಟಿನ ಫೋಟೋ ತೆಗೆದ ಈತ ಹುಡುಗರಿಗೆ ಕಳಿಸಿ, "ನೋಡ್ರೋ, ಅಮೆರಿಕಾದಲ್ಲೂ ಹಿಂಗೇನೆ" ಎಂದು ಬರೆದ. ಇಂಥ ಸರ್ಟಿಫಿಕೇಟಿಗೆ ನಮ್ಮಲ್ಲಿ ಬೆಲೆ ಜಾಸ್ತಿ.

ಮಧ್ಯಾಹ್ನ ಪಕ್ಕದ ಸೀಸೈಡ್ ಊರಿನಲ್ಲಿ ಒಂದು ಟಾಕೊ ಗಾಡಿಯ ಮುಂದೆ ನಿಂತಿದ್ದಾಗ ಸಾಲಿನಲ್ಲಿ ಮುಂದಿದ್ದವನ ಬೆರಳು ಕಂಡವು. ಉಗುರಿನ ಬುಡ ಬಿರಿದು ಬೆಳ್ಳಗಾಗಿತ್ತು. ಡಿಗ್ರೀಸರ್‌ನಲ್ಲಿ ವರ್ಷಗಟ್ಟಲೆ ಅದ್ದಿದ ಕೈ ಹಾಗಾಗುತ್ತದೆ. ಈತ ತನ್ನ ಬೆರಳು ತೋರಿಸಿದ. ಇಬ್ಬರೂ ನಕ್ಕರು. ಅಲ್ಲಿಂದಾಚೆ ಭಾಷೆಯ ತೊಡಕು ಅರ್ಧ ಕಳೆಯಿತು.

ಮೆಕ್ಸಿಕೊದ ವಹಾಕಾದಿಂದ ಬಂದವನು, ಸುಮಾರು ಐವತ್ತು ವರ್ಷ. ಹತ್ತು ವರ್ಷ ಲಾಸ್ ಏಂಜಲೀಸಿನ ಕಾರ್ ವಾಶ್‌ಗಳಲ್ಲಿ ಬಟ್ಟೆ ಹಿಂಡಿದ್ದನಂತೆ. ಬಟ್ಟೆಗೆ ಅವನು "ತ್ರಾಪೊ" ಎನ್ನುತ್ತಿದ್ದ. ಒಂದು ಕಡೆ ಸಂಬಳವೇ ಇರಲಿಲ್ಲ, ಬರೀ ಟಿಪ್ಸು. ಕಾರ್ ವಾಶ್ ಮಾಲೀಕರು ಲೇಬರ್ ಕಮಿಷನರ್ ಬಳಿ ಹೆಸರು ನೋಂದಾಯಿಸಬೇಕು, ಕೂಲಿ ಬಾಕಿ ಉಳಿಸಿಕೊಂಡರೆ ಇರಲೆಂದು ಬಾಂಡ್ ಇಡಬೇಕು ಎಂದು ಆ ರಾಜ್ಯ ಪ್ರತ್ಯೇಕ ಕಾನೂನನ್ನೇ ಮಾಡಿದ್ದು ಸುಮ್ಮನೆ ಅಲ್ಲ. ಈಗ ಸ್ವಂತ ವ್ಯಾನು, ಸ್ವಂತ ಯಂತ್ರ. ಕಾರ್ಡಿನ ಮೇಲೆ ಡಿಟೇಲರ್ ಎಂದಿದೆ. ವ್ಯತ್ಯಾಸ ಏನು ಎಂದು ಈತ ಕೇಳಿದ. ಅವನು ಟಾಕೊ ಹಿಡಿದ ಕೈಯಲ್ಲೇ ಗಡಿಯಾರ ಕಟ್ಟುವ ಜಾಗ ತೋರಿಸಿದ. ಅಲ್ಲಿ ಗಡಿಯಾರ ಇರಲಿಲ್ಲ, ಈ ಕಸುಬಿನಲ್ಲಿ ಯಾರೂ ಕಟ್ಟುವುದಿಲ್ಲ, ಬಾಗಿಲಿಗೆ ಗೀರು ಬೀಳುತ್ತದೆ. ಆದರೆ ಮಾತು ತಿಳಿಯಿತು. ಅಲ್ಲಿ ಒಂದು ಕಾರಿಗೆ ಹತ್ತು ನಿಮಿಷ, ಇಲ್ಲಿ ಎರಡು ದಿನ.

ಟಾಕೊದ ಮೆಕ್ಕೆಜೋಳದ ರೊಟ್ಟಿಯನ್ನು ಹೆಂಚಿನ ಮೇಲೆ ತಟ್ಟಿ ತಿರುವುತ್ತಿದ್ದ ಹೆಂಗಸಿನ ಕೈ ಮಾತ್ರ ಥೇಟ್ ಧಾರವಾಡದ್ದು.

ಶನಿವಾರದ್ದು ಶುದ್ಧ ತಮಾಷೆ. ಈ ವಾರ ಮಾಂಟೆರೆಯ ಮೇಳಗಳಲ್ಲಿ ಜಗತ್ತಿನ ಅತಿ ಸುಂದರ ಕಾರುಗಳು ಸೇರುವುದು ಸರಿಯಷ್ಟೆ. ಅದನ್ನು ಅಣಕಿಸಲೆಂದೇ ಸೀಸೈಡಿನ ಸಿಟಿ ಹಾಲ್ ಮುಂದಿನ ಹುಲ್ಲಿನ ಮೇಲೆ ಕಾನ್ಕೂರ್ ಡಿ ಲೆಮನ್ಸ್ ಎಂಬ ಮೇಳ ನಡೆಯುತ್ತದೆ. ತುಕ್ಕು ಹಿಡಿದದ್ದು, ಕುರೂಪಿ, ಕಂಪನಿಯೇ ಮರೆಯಲಿಚ್ಛಿಸುವ ಮಾದರಿಗಳಿಗೆಲ್ಲ ಅಲ್ಲಿ ಮರ್ಯಾದೆ. ತೀರ್ಪುಗಾರರಿಗೆ ಬಹಿರಂಗವಾಗಿ ಲಂಚ ಕೊಡಬಹುದು. ಪ್ರಶಸ್ತಿ ಅತಿ ಕೆಟ್ಟ ಕಾರಿಗೆ. ಈತ ಒಂದು ತಾಸು ನಕ್ಕ. ಆದರೆ ಒಂದು ಕಾರಿನ ಬಾನೆಟ್ಟಿನ ಮೇಲೆ ಪಾಚಿ ಬೆಳೆದದ್ದು ಕಂಡಾಗ ಕೈ ತಾನಾಗಿ ಹಿಂದಿನ ಜೇಬಿನ ಬಟ್ಟೆಗೆ ಹೋಗಿತ್ತು. ಭಾವಮೈದುನ ತೋಳು ಹಿಡಿದು ಎಳೆದುಕೊಂಡು ಬಂದ.

ಭಾನುವಾರ, ಆಗಸ್ಟ್ 18. ಬೆಳಕು ಹರಿಯುವುದಕ್ಕೆ ಇನ್ನೂ ಹೊತ್ತಿರುವಾಗಲೇ ಪೆಬಲ್ ಬೀಚಿನ ಗಾಲ್ಫ್ ಮೈದಾನದ ಅಂಚಿನಲ್ಲಿ ಇಬ್ಬರೂ ನಡುಗುತ್ತ ನಿಂತಿದ್ದರು. 1950ರಲ್ಲಿ ಒಂದು ರಸ್ತೆ ರೇಸಿನ ಜೊತೆಗೆ ಶುರುವಾದ ಪೆಬಲ್ ಬೀಚ್ ಕಾನ್ಕೂರ್ ಡೆಲೆಗಾನ್ಸ್ ಎಂಬ ಕಾರುಗಳ ಸೌಂದರ್ಯ ಸ್ಪರ್ಧೆಗೆ ಇದು 73ನೆಯ ಸಲ. ಕಾರುಗಳು ಕತ್ತಲಲ್ಲೇ ಒಂದರ ಹಿಂದೊಂದು ಬಂದು ಹದಿನೆಂಟನೆಯ ಗುಂಡಿಯ ಕಡೆಗಿನ ಹುಲ್ಲಿನ ಮೇಲೆ ನಿಲ್ಲುವುದಕ್ಕೆ ಡಾನ್ ಪ್ಯಾಟ್ರೋಲ್ ಎಂದು ಹೆಸರು. ಮೊದಲು ಸದ್ದು ಕೇಳುತ್ತದೆ. ಮಂಜಿನೊಳಗಿಂದ ಎರಡು ಹಳದಿ ದೀಪ. ಆಮೇಲೆ ತೊಂಬತ್ತು ವರ್ಷ ಹಿಂದಿನ ಒಂದು ಮೂತಿ. ಧರ್ಮಸ್ಥಳದ ಹಳೆ ಕಾರುಗಳ ಸಂಗ್ರಹವನ್ನು ಶಾಲೆಯ ಪ್ರವಾಸದಲ್ಲಿ ನೋಡಿದ್ದ ಈತನಿಗೆ ಅವು ನಿಂತ ಕಾರುಗಳಾಗಿಯೇ ನೆನಪಿದ್ದವು. ಇವು ಉಸಿರಾಡುತ್ತ ಬರುತ್ತಿದ್ದವು, ಪೆಟ್ರೋಲು ನಾರುತ್ತಿದ್ದವು.

ಪೆಸಿಫಿಕ್ ಮಂಜು ಡಿಟೇಲರ್‌ನ ಶತ್ರು. ರಾತ್ರಿಯಿಡೀ ಉಜ್ಜಿ ಹೊಳೆಸಿದ ಕಾರಿನ ಮೇಲೆ ಐದು ನಿಮಿಷದಲ್ಲಿ ಹನಿ ಕಟ್ಟುತ್ತದೆ. ಕಾರು ನಿಂತದ್ದೇ ತಡ, ಆಳುಕಾಳು ಮಾಲೀಕರು ಎನ್ನದೆ ಎಲ್ಲರೂ ಬಟ್ಟೆ ಹಿಡಿದರು. ಕೋಟು ಹಾಕಿದವರು ಹುಲ್ಲಿನ ಮೇಲೆ ಮಂಡಿಯೂರಿ ಟೈರಿನ ಸಂದಿಯಿಂದ ಹುಲ್ಲಿನ ಎಸಳು ಹೆಕ್ಕುತ್ತಿದ್ದರು. ಆಯುಧಪೂಜೆಯ ಬೆಳಿಗ್ಗೆ ನಮ್ಮ ಬೀದಿಗಳು ಹೀಗೇ ಇರುತ್ತವೆ, ಕುಂಬಳಕಾಯಿ ಒಂದು ಇರಲಿಲ್ಲ ಅಷ್ಟೆ.

ಒಂದು ಉದ್ದನೆ ಮೂತಿಯ ಪ್ಯಾಕರ್ಡ್ ಬಳಿ ಅರವತ್ತು ದಾಟಿದ ಒಬ್ಬ ಹೆಂಗಸು ಒಬ್ಬರೇ ಇದ್ದರು. ಉಂಗುರವಿಲ್ಲ, ಬೆಲ್ಟಿಲ್ಲ, ಏಪ್ರನ್ನಿಗೆ ಗುಂಡಿಯಿಲ್ಲ. ಮೆತ್ತನೆ ಬಟ್ಟೆಯನ್ನು ನಾಲ್ಕಾಗಿ ಮಡಿಸಿ ಎಂಟು ಮುಖ ಮಾಡಿಕೊಂಡು, ಉಜ್ಜದೆ, ಹಾಸಿ ಮೆಲ್ಲಗೆ ಎಳೆಯುತ್ತಿದ್ದರು. ಒಂದು ಮುಖ ಒಂದೇ ಸಲ. ಈತ ನೋಡುತ್ತ ನಿಂತ ರೀತಿಯಿಂದಲೇ ಅವರಿಗೆ ಗೊತ್ತಾಗಿರಬೇಕು. ಒಂದು ಬಟ್ಟೆ ಕೊಟ್ಟು ಹಿಂದಿನ ಚಕ್ರದ ಕಡೆ ಗಲ್ಲ ತೋರಿಸಿದರು. ಆತ ತನ್ನ ಮದುವೆಯ ಉಂಗುರ ತೆಗೆದು ಭಾವಮೈದುನನ ಕೈಗಿಟ್ಟ.

ಮುಂದಿನ ಅರ್ಧ ತಾಸು ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಮಾತಾಡಿದ್ದೆಲ್ಲ ಕಸುಬಿನದೇ. ಅವರ ಡಬ್ಬಿಯಲ್ಲಿ ಬ್ರೆಜಿಲಿನ ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣವಿತ್ತು. ಜಪಾನಿನ ತಾದಾಒ ಕಾದಾತೆ 1990ರ ದಶಕದಲ್ಲಿ ಅಮೆರಿಕದ ಪೇಟೆಂಟ್ ಪಡೆದ, ಈಗ ನಾಗರಬಾವಿಯಲ್ಲೂ ಸಿಗುವ ಕ್ಲೇ ಇತ್ತು. ಮೆಗ್ವಾಯರ್ಸ್‌ನ ಒಂದು ಹಳೆ ಸೀಸೆಯೂ ಇತ್ತು. ಆ ಕಂಪನಿ 1901ರಲ್ಲಿ ಇಂಡಿಯಾನಾದ ಒಂದು ಗ್ಯಾರೇಜಿನಲ್ಲಿ ಹುಟ್ಟಿದ್ದು ಕಾರಿಗೆಂದಲ್ಲ, ಮೇಜು ಕುರ್ಚಿಯ ಪಾಲಿಶಿಗೆಂದು. ಆಗಿನ ಕಾರುಗಳ ಮೈಯೂ ಮರದ್ದೇ ಆಗಿತ್ತಲ್ಲ.

ಮೈಸೂರು ಸೀಮೆಯವನು ಎಂದು ತಿಳಿದದ್ದೇ ಪಕ್ಕದ ಕಾರಿನ ಮುದುಕರೊಬ್ಬರು ಬಂದು, ರೋಲ್ಸ್ ರಾಯ್ಸ್‌ನವರ ನಡುವೆ "ಡೂಯಿಂಗ್ ಎ ಮೈಸೂರ್" ಎಂಬ ಮಾತಿತ್ತಲ್ಲ, ಗೊತ್ತೋ ಎಂದರು. ಕಾರನ್ನು ಏಳರ ಲೆಕ್ಕದಲ್ಲಿ ಕೊಳ್ಳುವುದು ಎಂದು ಅದರ ಅರ್ಥ. ಮೈಸೂರು ಮಹಾರಾಜರು ಹಾಗೆ ಕೊಳ್ಳುತ್ತಿದ್ದರೆಂದು ಪ್ರತೀತಿ. 2012ರಲ್ಲಿ, ಮತ್ತೆ 2018ರಲ್ಲಿ ಇದೇ ಹುಲ್ಲಿನ ಮೇಲೆ ಭಾರತದ ರಾಜಮಹಾರಾಜರ ಕಾರುಗಳಿಗೇ ಪ್ರತ್ಯೇಕ ಸಾಲು ಇತ್ತಂತೆ. ಆ ಏಳು ಕಾರುಗಳನ್ನು ಒರೆಸುತ್ತಿದ್ದವರು ಯಾರು ಎಂದು ಕೇಳಬೇಕೆನಿಸಿತು ಈತನಿಗೆ. ಇಂಗ್ಲಿಷು ಜೋಡಿಸಿಕೊಳ್ಳುವಷ್ಟರಲ್ಲಿ ಮುದುಕರು ಮುಂದೆ ಹೋಗಿದ್ದರು.

ಬಿಸಿಲು ಬಂತು. ಮಂಜು ಎದ್ದು ಹೋಯಿತು. ಆಗ ಆತ ಸಾಲು ಸಾಲು ನಡೆದ. ಒಂದೊಂದು ಕಾರೂ ಕಾರ್ಖಾನೆಯಿಂದ ಬಂದ ದಿನಕ್ಕಿಂತ ಚೆನ್ನಾಗಿತ್ತು. ನಡುವೆ ಒಂದು ಬುಗಾಟಿ. 1934ರ ಟೈಪ್ 59 ಸ್ಪೋರ್ಟ್ಸ್. ಮಾಸಿದ ಕಪ್ಪು, ನಡುವೆ ಹಳದಿ ಗೆರೆ, ಅಲ್ಲಲ್ಲಿ ಎದ್ದುಹೋದ ಬಣ್ಣ, ಸವೆದ ಚರ್ಮ. ಇದರ ಹುಡುಗರು ಎಲ್ಲಿ ಹೋದರು ಎಂದು ಅನಿಸಿ ಆತ ನಿಜಕ್ಕೂ ಸುತ್ತ ನೋಡಿದ. ಒಂದು ದಿನ ಬಿಟ್ಟುಕೊಟ್ಟರೆ ಎದ್ದು ಕುಣಿಯುವ ಹಾಗೆ ಮಾಡುತ್ತಿದ್ದೆ ಎಂದು ಭಾವಮೈದುನನಿಗೆ ಹೇಳಿಯೂ ಬಿಟ್ಟ.

ಸಂಜೆ ಬೆಸ್ಟ್ ಆಫ್ ಶೋ ಸಿಕ್ಕಿದ್ದು ಅದಕ್ಕೆ.

1934ರ ಬೆಲ್ಜಿಯನ್ ಗ್ರ್ಯಾಂಡ್ ಪ್ರಿಯನ್ನು ರೆನೆ ಡ್ರೇಫಸ್ ಗೆದ್ದ ಕಾರು. ಆಮೇಲೆ ಬೆಲ್ಜಿಯಂ ದೊರೆ ಮೂರನೆಯ ಲಿಯೊಪೋಲ್ಡ್ ಕೈಸೇರಿ, ಕಪ್ಪು ಬಣ್ಣ ಹಳದಿ ಗೆರೆ ಕಂಡದ್ದು. ಈಗ ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಬರ್ಕಾರ್ಡ್ ಅವರದು. ಹೊಸ ಬಣ್ಣ ಬಳಿಯದೆ, ಬಿಚ್ಚಿ ಕಟ್ಟದೆ ಇದ್ದಂತೆಯೇ ಉಳಿಸಿಕೊಂಡ ಕಾರುಗಳಿಗೆಂದು ಪೆಬಲ್ ಬೀಚಿನಲ್ಲಿ ಬೇರೆಯೇ ವರ್ಗ ಇದ್ದು ಎರಡು ದಶಕ ದಾಟಿದೆ. ಆ ವರ್ಗದ ಕಾರು ಇಡೀ ಮೇಳವನ್ನೇ ಗೆದ್ದದ್ದು ಇದೇ ಮೊದಲು. ಬಣ್ಣದ ಕಾಗದದ ಚೂರು ಗಾಳಿಯಲ್ಲಿ ಹಾರಿದವು. ಸುತ್ತಲಿನವರು ಎದ್ದು ನಿಂತರು. ಈತನ ಕೈ ಚಪ್ಪಾಳೆಗೆ ಸೇರಿತು, ಕೊಂಚ ತಡವಾಗಿ.

ಬಟ್ಟೆ ಮಡಿಸಿಡುತ್ತಿದ್ದ ಪ್ಯಾಕರ್ಡಿನ ಹೆಂಗಸನ್ನು ಆತ ಮತ್ತೆ ಹುಡುಕಿಕೊಂಡು ಹೋದ. ಆ ಬುಗಾಟಿಗೆ ಯಾರೂ ಕೈ ಹಚ್ಚಿಲ್ಲ ಅಲ್ಲವೇ ಎಂದ. ಅವರು ನಕ್ಕರು. ಧೂಳು ಇತ್ತೇ? ಇರಲಿಲ್ಲ. ಜಿಡ್ಡು? ಇಲ್ಲ. ಚರ್ಮ ಒಣಗಿ ಸಿಡಿದಿತ್ತೇ? ಇಲ್ಲ. ಹಾಗಿದ್ದರೆ ಇಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದವನು ಅದರವನೇ ಎಂದರು. ತಾನು ನಲವತ್ತು ವರ್ಷದಲ್ಲಿ ಕಲಿತ ಪಾಲಿಶ್ ಎಲ್ಲ ಮೊದಲ ಹತ್ತು ವರ್ಷದ್ದು, ಉಳಿದ ಮೂವತ್ತು ವರ್ಷ ಯಂತ್ರ ಕೆಳಗಿಡುವುದನ್ನು ಕಲಿತೆ ಎಂಬರ್ಥದ ಮಾತು ಹೇಳಿ, ಆ ಬಟ್ಟೆಯನ್ನು ಈತನೇ ಇಟ್ಟುಕೊಳ್ಳಲಿ ಎಂದು ಬಿಟ್ಟರು.

ಅದು ಆತನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಈಗಿನ ಕಾರುಗಳ ಬಣ್ಣದ ಮೇಲಿನ ಕ್ಲಿಯರ್ ಕೋಟ್ 40-50 ಮೈಕ್ರಾನ್ ಇದ್ದರೆ ಹೆಚ್ಚು. ತಲೆಗೂದಲು ಅದಕ್ಕಿಂತ ದಪ್ಪ. ಗೀರು ತೆಗೆಯುವುದೆಂದರೆ ಗೀರನ್ನು ತುಂಬುವುದಲ್ಲ. ಗೀರಿನ ಅಕ್ಕಪಕ್ಕದ ದಿಬ್ಬವನ್ನು ಅದರ ತಳದ ಮಟ್ಟಕ್ಕೆ ಕೆತ್ತಿ ಇಳಿಸುವುದು. ಪ್ರತಿ ಸಲ ಕಾಂಪೌಂಡ್ ಹಾಕಿ ಬಫಿಂಗ್ ಮಾಡಿದಾಗಲೂ ಒಂದೆರಡು ಮೈಕ್ರಾನ್ ಕಾರಿನಿಂದ ಪ್ಯಾಡಿಗೆ ಬರುತ್ತದೆ, ಮತ್ತೆ ಯಾರಪ್ಪ ಬಂದರೂ ವಾಪಸು ಹಾಕಲಾಗದು. ಬೀದಿ ಬದಿಯ ರಬ್ಬಿಂಗ್ ಪಾಲಿಶ್‌ನವನಿಗೂ ಡಿಟೇಲರ್‌ಗೂ ಇರುವ ಅಂತರ ಯಂತ್ರದ್ದಲ್ಲ, ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರಿನದು. ಇದನ್ನೆಲ್ಲ ಆತ ಪ್ರತಿ ಗಿರಾಕಿಗೂ ಪಾಠದ ಹಾಗೆ ಹೇಳುತ್ತಾನೆ. ಹೇಳುವಾಗೆಲ್ಲ ಅದು ಬಣ್ಣದ ಮಾತಾಗಿತ್ತು. ಆ ಸಂಜೆಯ ತನಕ.

ವಾಪಸು ಬರುವಾಗ ವಿಮಾನದಲ್ಲಿ ನಿದ್ದೆ ಬರದೆ ಫೋನಿನಲ್ಲಿದ್ದ ಹಳೆ ವಿಡಿಯೋ ನೋಡುತ್ತಿದ್ದ. ಅಂಗಡಿಯ ಅತಿ ಹೆಚ್ಚು ಜನ ನೋಡಿದ ರೀಲ್ ಅದು. ಮಂಡ್ಯದ ಒಂದು ಕುಟುಂಬದ 1980ರ ದಶಕದ ಪ್ರೀಮಿಯರ್ ಪದ್ಮಿನಿ. ಯಜಮಾನರು ತೀರಿಕೊಂಡ ಮೇಲೆ ಕೊಟ್ಟಿಗೆಯಲ್ಲಿ ನಿಂತಿದ್ದದ್ದನ್ನು ಮಗ ತಂದಿದ್ದರು. ಹಳೆಯ ಒಂದೇ ಪದರದ ಬಣ್ಣ. ಉಜ್ಜಿದಂತೆಲ್ಲ ಪ್ಯಾಡು ಕೆನೆಬಣ್ಣಕ್ಕೆ ತಿರುಗಿತ್ತು. ಹನ್ನೊಂದು ದಿನದ ಕೆಲಸ. ಡ್ಯಾಶ್‌ಬೋರ್ಡಿನ ಮೇಲೆ ವರ್ಷವರ್ಷದ ಆಯುಧಪೂಜೆಯ ಕುಂಕುಮ ಇಂಗಿ ಕೆಂಪಗೆ ಕಲೆಯಾಗಿತ್ತು, ಮೂರು ಸಲ ಕ್ಲೀನರ್ ಹಾಕಿ ತೆಗೆದ. ಡ್ರೈವರ್ ಬಾಗಿಲ ಮೇಲಂಚಿನಲ್ಲಿ ಮೊಣಕೈ ಊರಿ ಊರಿ ಬಣ್ಣ ಸವೆದು ಲೋಹ ಹೊಳೆಯುತ್ತಿತ್ತು, ಟಚಪ್ ಮಾಡಿದ. ಹಿಂದಿನ ಗಾಜಿನ ಮೇಲೆ ನಿಮಿಷಾಂಬ ದೇವಸ್ಥಾನದ ಬಿಸಿಲಿಗೆ ಬಿಳಿಚಿದ ಸ್ಟಿಕ್ಕರನ್ನು ಬ್ಲೇಡಿನಿಂದ ಗುರುತೇ ಉಳಿಯದಂತೆ ಎಬ್ಬಿಸಿದ. ಆ ಬ್ಲೇಡಿನ ಕೆಲಸ ಅದೆಷ್ಟು ನಾಜೂಕಾಗಿ ಬಂದಿತ್ತೆಂದರೆ ಅದಕ್ಕೇ ಹದಿನೈದು ಸೆಕೆಂಡು ರೀಲಿನಲ್ಲಿ ಮೀಸಲಿಟ್ಟಿದ್ದ.

ರೀಲಿನ ಕೊನೆಯಲ್ಲಿ ಕಾರು ನೋಡಲು ಬಂದ ಅಜ್ಜಿ ಮಗನನ್ನು ಕೇಳುತ್ತಾರೆ: "ಇದು ನಮ್ಮನೆ ಕಾರೇನ್ಲಾ?"

ಅವತ್ತು ಎಲ್ಲರೂ ನಕ್ಕಿದ್ದರು. ಇದಕ್ಕಿಂತ ದೊಡ್ಡ ಹೊಗಳಿಕೆ ಉಂಟೇ ಎಂದುಕೊಂಡು ಅದೇ ಮಾತನ್ನು ಆತ ದಪ್ಪಕ್ಷರದಲ್ಲಿ ವಿಡಿಯೋದ ಮೇಲೆ ಬರೆಸಿದ್ದ. ಈಗ ಪೆಸಿಫಿಕ್ ಮೇಲೆ ಎಲ್ಲೋ, ಸದ್ದು ಆರಿಸಿಟ್ಟು ನೋಡುವಾಗ ಬೇರೆಯದೊಂದು ಕಂಡಿತು. ಅಜ್ಜಿ ಹೊಳೆಯುವ ಬಾನೆಟ್ಟನ್ನು ನೋಡುತ್ತಲೇ ಇಲ್ಲ. ಕಾರಿನ ಹಿಂದೆ ನಿಂತಿದ್ದಾರೆ, ಗಾಜಿನ ಮೇಲೆ ಅಂಗೈ ಇಟ್ಟುಕೊಂಡು.

ಫೋನ್ ಮಾಡಿ ಕೇಳಬಹುದಿತ್ತು. ಏನೆಂದು ಕೇಳುವುದು? ಅವರು ದೂರು ಕೊಟ್ಟಿಲ್ಲ. ದೀಪಾವಳಿಗೆ ಮಗ ಈಗಲೂ ಶುಭಾಶಯ ಕಳಿಸುತ್ತಾರೆ. ಹಣ ಪೂರ್ತಿ ಕೊಟ್ಟಿದ್ದಾರೆ, ಹೇಳಿದ ಕೆಲಸವನ್ನೇ ಮಾಡಿದ್ದಾನೆ. "ಹೊಸದರ ಹಾಗೆ" ಎಂದೇ ಅವರು ಹೇಳಿದ್ದು.

ಅಕ್ಟೋಬರ್ 11ಕ್ಕೆ ಆಯುಧಪೂಜೆ ಬಂತು. ನಾಗರಬಾವಿಯ ಅಂಗಡಿಯಲ್ಲಿ ಬಫಿಂಗ್ ಯಂತ್ರಗಳಿಗೆ ಅರಿಶಿನ ಕುಂಕುಮ ಇಟ್ಟು, ಪ್ರೆಶರ್ ಪಂಪಿಗೆ ಹೂವು ಸುತ್ತಿ, ಹುಡುಗರಿಗೆ ಬೋನಸ್ಸು, ಕಡಲೆಪುರಿ, ಸ್ವೀಟು ಕೊಟ್ಟಾಯಿತು. ಪ್ಯಾಕರ್ಡ್ ಒರೆಸಿದ ಬಟ್ಟೆ ದೇವರ ಪಟದ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಅದನ್ನು ಯಾರೂ ಮುಟ್ಟುವಂತಿಲ್ಲ ಎಂದು ಹುಡುಗರಿಗೆ ತಾಕೀತು. ಈಚೆಗೆ ಯಜಮಾನರು ಯಂತ್ರ ಶುರು ಮಾಡುವ ಮೊದಲು ಕಾರಿನ ಮುಂದೆ ಸುಮ್ಮನೆ ನಿಂತುಬಿಡುತ್ತಾರೆ ಎಂಬುದು ಅವರ ಆಕ್ಷೇಪ. ಜಾಬ್ ಕಾರ್ಡಿನಲ್ಲಿ ಹೊಸದೊಂದು ಸಾಲೂ ಸೇರಿದೆ: ಯಾವುದನ್ನು ತೆಗೆಯಬಾರದು?

ಹಬ್ಬ ಮುಗಿದ ಮೊದಲ ಗಿರಾಕಿ ಒಂದು ಬೂದು ಬಣ್ಣದ ಸೆಡಾನ್ ತಂದರು. ಹದಿಮೂರು ವರ್ಷದ್ದು. ಬಾನೆಟ್ಟಿನ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು, ಗ್ರಿಲ್ಲಿನಲ್ಲಿ ಬಾಡಿದ ಚೆಂಡುಹೂವು, ಹಿಂದಿನ ಸೀಟಿನ ಬೆನ್ನಿಗೆ ಯಾವುದೋ ಮಗು ಸ್ಕೆಚ್ ಪೆನ್ನಿನಲ್ಲಿ ಬರೆದ ಮನೆ, ಸೂರ್ಯ. ಆತ ಕಾರ್ಡು ಹಿಡಿದು ಆ ಸಾಲು ಕೇಳಿದ.

"ಏನೂ ಬಿಡ್ಬೇಡಿ ಸಾರ್. ಎಲ್ಲಾ ತೆಗೀರಿ, ಶೋರೂಮ್ ಪೀಸ್ ಥರ ಕಾಣ್ಬೇಕು. ಸೋಮವಾರ ಪಾರ್ಟಿ ಬರ್ತಾ ಇದಾರೆ, ಮಾರ್ತಾ ಇದೀವಿ."

ಆತ ಬರೆದುಕೊಂಡ. ಹುಡುಗ ಹೂವು ಕಿತ್ತು ಬಕೆಟ್ಟು ತಂದ. ರಬ್ಬರ್ ಬೀಡಿಂಗುಗಳಿಗೆ ಟೇಪು ಅಂಟಿಸಿಯಾದ ಮೇಲೆ ಆತ ಮೀಟರ್ ತೆಗೆದು ಒಂದೊಂದೇ ಕಡೆ ಇಟ್ಟು ಅಳೆಯುತ್ತ ಬಂದ. ಬಾನೆಟ್ಟು, ಬಣ್ಣದ ಪದರವೆಲ್ಲ ಸೇರಿ, 115 ಮೈಕ್ರಾನ್. ಛಾವಣಿ 120. ಬಲ ಬಾಗಿಲು 118. ಎಡ ಹಿಂಬಾಗಿಲ ಮೇಲೆ ಇಟ್ಟಾಗ 310 ತೋರಿಸಿತು. ಮತ್ತೊಮ್ಮೆ ಇಟ್ಟ. 310. ಆತ ತಲೆ ಎತ್ತಿ ನೋಡಿದ. ಗಿರಾಕಿ ಬೆನ್ನು ತಿರುಗಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದರು.